ಚೆಲ್ಲಬೇಕಾಗಿದ್ದ ಮೊದಲಿನ ರಕ್ತ

ನನಗ ಒಂದ ಕಡೆ ಕೂಡಾಕ ಬರೂದಿಲ್ಲ. ಸಣ್ಣಾಕಿ ಇದ್ದಾಗಿಂದನೂ ಹಂಗ. ನಿಪ್ಪಾಣ್ಯಾಗ ನಮ್ಮವ್ವ ಬೀಡಿ ಕಟ್ಟೂವಾಗ ಅಕ್ಕ ಆಕಿ ಮಗ್ಗಲ ಕುಂತು ಒಂದೊಂದ ಎಲಿ ಕತ್ತರಿಸಿ ಕೊಡಾಕಿ. ನಾನು ಎದ್ದು ಬಾಗಲಕ್ಕ ಹೋಗಿ, ಒಳಗ ಬಂದು, ಮತ್ತ ಬಾಗಲಕ್ಕ ಹೋಗಾಕಿ. "ಇದರ ಕಾಲಾಗ ಚಕ್ರ ಐತಿ" ಅಂತಿದ್ಲು ಅವ್ವ. ಅರವತ್ತು ದಾಟಿದ ಮ್ಯಾಲೂ ಆ ಚಕ್ರ ನಿಂತಿಲ್ಲ. ಸರಕಾರಿ ದವಾಖಾನ್ಯಾಗ ಲ್ಯಾಬ್ ಟೆಕ್ನಿಶಿಯನ್ ಅಂತ ದುಡಿದು ರಿಟೈರ್ ಆದೆ. ಮುಂದಿನ ತಿಂಗಳನ ಚಿಕ್ಕೋಡಿ ಬಸ್ ಸ್ಟ್ಯಾಂಡ್ ಹತ್ರ ಒಂದು ಸಣ್ಣ ರಕ್ತ ತಪಾಸಣಿ ಸೆಂಟರಿಗೆ ಹೋಗಿ ಕುಂತೆ. ಕುಂತೆ ಅನ್ನೂದು ಮಾತಿಗೆ. ಅಲ್ಲಿ ಎಲ್ಲಾ ನಿಂತ ಮಾಡೂ ಕೆಲಸ. ಬಂದವರ ಕೈ ಹಿಡಿ, ರಬ್ಬರ ಪಟ್ಟಿ ಕಟ್ಟು, ನರ ಹುಡುಕು, ಸೂಜಿ ಹಾಕು, ಟ್ಯೂಬಿಗೆ ಹೆಸರು ಹಚ್ಚು, ಬೆಳಗಾವಿ ಬಸ್ಸಿಗೆ ಹಾಕು. ನನಗ ಅದ ಬೇಕಾಗಿತ್ತು.

ಮತ್ತ ನನಗೊಂದು ಸೊಕ್ಕಿತ್ತು. ಈಗ ಮುಚ್ಚಿಡೂದೇನೈತಿ? ನರ ಸಿಗದ ಕೈ ಇನ್ನೂ ನನ್ನ ಮುಂದ ಬಂದಿಲ್ಲ ಅಂತ. ಅಥಣಿ ಕಡೆ ಇದ್ದಾಗ ಕೊಕಟನೂರ ಯಲ್ಲಮ್ಮಗ ನಡಕೊಂಡ ಮುದುಕ್ಯಾರು ಬರತಿದ್ರು, ಒಣ ಕಟ್ಟಿಗಿಯಂಥಾ ಕೈ, ಮೊಳಕೈ ತನಕಾ ಭಂಡಾರ. ಅರಿಷಿಣ ಒರಸಿ, ಎರಡ ಬೆರಳಿಟ್ಟು, ಕಣ್ಣು ಮುಚ್ಚಿ ನರ ಹಿಡಿತಿದ್ದೆ. ಡಾಕ್ಟರಗೋಳ ಸೈತ ತಮಗ ಸಿಗದಾಗ "ಬಾಯಾರನ್ನ ಕರೀರಿ" ಅಂತ ನನ್ನ ಕರಸತಿದ್ರು. ಒಂದ ಹನಿ ದಂಡ ಮಾಡತಿದ್ದಿಲ್ಲ ನಾನು. ಬಂದವರು ಕೂಲಿ ಬಿಟ್ಟು ಬಂದವರು, ಮೈಯಾಗ ರಕ್ತನ ಇಲ್ಲದವರು, "ಯಕ್ಕಾ, ಸ್ವಲ್ಪ ತಗೀರಿ" ಅಂತ ಕೈ ಮುಗಿಯವರು. ತೆಗೆದದ್ದನ್ನೆಲ್ಲಾ ಪೂರಾ ಉಪಯೋಗ ಮಾಡಬೇಕು, ಚೆಲ್ಲಬಾರದು ಅನ್ನೂದು ನನ್ನ ಕೈಗೆ ಮೈಗೆ ಹತ್ತಿ ಹೋಗಿತ್ತು. ಅದ ನನ್ನ ಮಣ್ಣ ಮುಕ್ಕಸ್ತು.

ಅಕ್ಕನ್ನ ಕೊಟ್ಟಿದ್ದು ಉಗಾರ ಬುದ್ರುಕಕ್ಕ. ಕಬ್ಬಿನ ಮನಿ. ಮಾಮಾ, ಅಂದ್ರ ಆಕಿ ಗಂಡ, ಮಾತು ಕಡಿಮಿ, ಹೊಲ ಮನಿ ಅಷ್ಟ ಗೊತ್ತಿದ್ದ ಮನಷ್ಯಾ. ಮಗ ಟ್ರ್ಯಾಕ್ಟರ್ ಹೊಡಿತಾನ, ಸೊಸಿ ಕಾಗವಾಡದಾಗ ಸಾಲಿ ಕಲಸಾಕ ಹೋಗತಾಳ. ಒಂದ ಎಮ್ಮಿ. ಅದು ಅಕ್ಕನ ಕೈ ಬಿಟ್ರ ಬ್ಯಾರೆಯವರಿಗೆ ಹಾಲ ಕೊಡೂದಿಲ್ಲ. ಸೊಸಿ ಒಂದ ಸಲ ಹಿಂಡಾಕ ಹೋಗಿ ಚರಗಿ ಸಂಗಟ ತಾನೂ ಮೇವಿನ ಗ್ವಾದ್ಲ್ಯಾಗ ಬಿದ್ದಿದ್ಲು. ಅಕ್ಕ ಅದನ್ನ ಬಂದವರಿಗೆಲ್ಲಾ ಹೇಳಿ ನಗತಿದ್ಲು.

ಎರಡ ವರ್ಷದ ಹಿಂದ ಆಕಿ ಎಡ ಎದಿಯಾಗ ಗಂಟ ಆತು. ಮಿರಜಕ್ಕ ಹೋಗಿ ಆಪರೇಶನ್ ಆತು, ಆಮ್ಯಾಲ ಕಿಮೋ. ಗಂಟ ತೆಗೆದದ್ದನ್ನ ಆಕಿ ತಡಕೊಂಡ್ಲು, ಕೂದಲಾ ಹೋಗಿದ್ದೂ ತಡಕೊಂಡ್ಲು. ತಡಿಲಾರದ್ದು ಒಂದ: ಕಿಮೋ ಆದ ವಾರ ಆಕಿಗೆ ಹಾಲಿನ ವಾಸನಿ ಬಂದ್ರ ವಾಂತಿ ಆಗತಿತ್ತು. ಹುಟ್ಟಿದಾಗಿಂದ ದನದ ಕೊಟಗ್ಯಾಗ ಬೆಳದಂಗ ಇದ್ದಾಕಿ, ಕೊಟಗಿ ಬಾಗಲದಾಗ ಸೆರಗು ಮೂಗಿಗೆ ಒತ್ತಿಕೊಂಡು ನಿಂತು ಎಮ್ಮಿ ನೋಡಿ ಅಳತಿದ್ಲು. ಎಮ್ಮಿ ಅತ್ತಾಗ ಒದರತಿತ್ತು. ಎಲ್ಲಾ ಮುಗಿದ ದಿನ ಅಕ್ಕ ನನ್ನ ಕೈ ಹಿಡಿದು ಅಂದ್ಲು, "ತಂಗಿ, ಇನ್ನೊಮ್ಮಿ ಬಂದ್ರ ಬರಲಿ. ಆ ಸೂಜಿ ಮಾತ್ರ ನಾ ಹಚ್ಚಿಸಿಕೊಳ್ಳಾಕಿ ಅಲ್ಲ. ಸಾಯೂದಿದ್ರ ಇಲ್ಲೇ ಎಮ್ಮಿ ಹತ್ರ ಸಾಯತೀನಿ." ನಾನು "ಆತು ಬಿಡ" ಅಂದೆ. ಅಂಥಾ ಹೊತ್ತಿನ್ಯಾಗ ಮತ್ತೇನ ಅನ್ನಬೇಕು?

ಹೋದ ಥಂಡ್ಯಾಗ ಆಕಿ ಟೊಂಕ ನೋವು ಚಾಲೂ ಆತು. ಕುಂತ್ರ ಏಳಾಕ ಬರವಲ್ದು, ಎದ್ರ ಕೂಡಾಕ ಬರವಲ್ದು. ಮಿರಜದ ಡಾಕ್ಟರಬಾಯಿ ಸ್ಕ್ಯಾನ್ ಮಾಡಿಸಿದ್ಲು. ಎಲುವಿನ ಮ್ಯಾಲ ಒಂದ ಕಡೆ ಮಬ್ಬ ಮಬ್ಬ ಏನೋ ಕಾಣಸ್ತು. ವಯಸ್ಸಿನ ಸವಕಳಿ ಇರಬಹುದು, ಆ ರೋಗ ಇರಬಹುದು, ಖಾತ್ರಿ ಹೇಳಾಕ ಬರೂದಿಲ್ಲ ಅಂದ್ಲು. ಅಲ್ಲಿ ಸೂಜಿ ಹಾಕಿ ಚೂರ ತಗೊಂಡು ನೋಡೂದೂ ಸುಲಭದ ಜಾಗಾ ಅಲ್ಲಂತ. ಅದಕ್ಕ ರಕ್ತದ ಒಂದು ಹೊಸಾ ಟೆಸ್ಟ್ ಐತಿ, ಅದನ್ನೂ ನೋಡೂಣು, ಎರಡೂ ಕೂಡಿಸಿ ಕಿಮೋ ಮತ್ತ ಚಾಲೂ ಮಾಡೂದೋ ಬಿಡೂದೋ ವಿಚಾರ ಮಾಡೂಣು ಅಂದ್ಲು.

ಆ ಟೆಸ್ಟಿನ ಹಕೀಕತ್ತು ನನಗ ಭಾಳ ಹಿಡಸ್ತು. ಗಂಟಿನಿಂದ ಕಳಚಿಕೊಂಡ ಕಣ ರಕ್ತದಾಗ ತಿರಗತಾವ. ಅಷ್ಟೊಂದ ರಕ್ತಕಣದಾಗ ಅವು ಇದ್ರ ಒಂದೆರಡ. ನಾನು ಗಾಜಿನ ಪಟ್ಟಿ ಮ್ಯಾಲ ರಕ್ತ ಸವರಿ ಮಲೇರಿಯಾ ಹುಡಕಿದಂಗ ಕಣ್ಣಿಲೆ ಹುಡಕಿದ್ರ ಜನ್ಮಾ ಪೂರಾ ಸಿಗಾಕಿಲ್ಲ. ಆದ್ರ ಪ್ರತಿ ಕಣದ ಒಳಗ ಅದು ಮಾಡೂ ಕೆಲಸದ ಚೀಟಿ ಇರತೈತಿ. ರಕ್ತದ ಕಣದ್ದು ಬ್ಯಾರೆ, ಎದಿಯ ಗಂಟಿನ ಕಣದ್ದು ಬ್ಯಾರೆ. ಮಶೀನು ಅಂಥಾ ಚೀಟಿ ಒಂದ ಸಿಕ್ಕರೂ ಸಾಕು, ಅದನ್ನ ನಕಲ ಮಾಡಿ, ನಕಲಿನ ನಕಲ ಮಾಡಿ, ಕಾಣೂವಷ್ಟು ಹೆಚ್ಚಿಗಿ ಮಾಡಿ ತೋರಸತೈತಿ. "ಯಪ್ಪಾ, ಏನ್ ಬುದ್ಧಿ ಮನಷ್ಯಾಂದು" ಅಂದೆ ನಾನು. ಅಕ್ಕ, "ಸಿಕ್ತು ಅಂದ್ರ ಮತ್ತ ಕಿಮೋ, ಹೌದಲ್ಲ?" ಅಂದ್ಲು. ಆಕಿಗೆ ಅಷ್ಟ ಬೇಕಾಗಿತ್ತು. ಡಾಕ್ಟರಬಾಯಿ, "ಅದೊಂದ ನೋಡಿ ಅಲ್ಲ ಬಾಈ, ಪಣ…" ಅಂತ ಅರ್ಧಾ ಕನ್ನಡ ಅರ್ಧಾ ಮರಾಠಿಯಾಗ ಸುರು ಮಾಡಿ ಸುಮ್ಮನಾದ್ಲು. ಆ "ಪಣ" ಅಂದ್ರ "ಆದರ". ಅಕ್ಕಗ ಅದು ಚೊಲೊತ್ನಾಗ ಗೊತ್ತಾತು.

ರಕ್ತ ನಾನ ತೆಗಿತೀನಿ ಅಂದೆ. ದವಾಖಾನ್ಯಾಗ ಕಿಮೋ ಆದ ಮ್ಯಾಲ ಆಕಿ ನರ ಎಲ್ಲಾ ಗಟ್ಟಿ ಆಗ್ಯಾವ. ಎಡಗೈ ಮುಟ್ಟುವಂಗಿಲ್ಲ, ಆ ಕಡೆ ಬಗಲಾಗಿನ ಗಂಟೂ ತೆಗದಾರ. ಉಳಿದದ್ದು ಬಲಗೈ ಒಂದ. ಅದನ್ನ ಯಾವದೋ ಹೊಸಾ ನರ್ಸಿನ ಕೈಯಾಗ ಕೊಡಾಕ ನನ್ನ ಮನಸ ಒಪ್ಪಲಿಲ್ಲ. ನಮ್ಮ ಸೆಂಟರಿಗೆ ಆ ಟೆಸ್ಟ್ ಮಾಡೂ ಲ್ಯಾಬಿನಿಂದ ಡಬ್ಬಿ ಬಂತು. ಒಳಗ ಎರಡ ದೊಡ್ಡ ಟ್ಯೂಬ್, ಅದರಾಗ ಕಣ ಸಾಯದಂಗ ಇಡೂ ಔಷಧ. ಬ್ಯಾರೆ ಒಂದು ಸಾದಾ ಟ್ಯೂಬ್. ಇಂಗ್ಲಿಷಿನ್ಯಾಗ ಒಂದು ಹಾಳಿ. ಲ್ಯಾಬಿನ ಹುಡುಗಿ ಫೋನ್ ಮಾಡಿ, "ಮೇಡಂ, ಮೊದಲಿನ ರಕ್ತ ಸಾದಾ ಟ್ಯೂಬಿಗೆ ತಗೊಂಡು ಚೆಲ್ಲಬೇಕ್ರಿ. ಫ್ರಿಜ್ಜಿನಾಗ ಇಡಬ್ಯಾಡ್ರಿ. ಹಾಳಿ ಮ್ಯಾಲ ಎಲ್ಲಾ ಟಿಕ್ ಹಾಕಿ ಕಳಸರಿ" ಅಂದ್ಲು. "ತಂಗಿ, ನೀ ಹುಟ್ಟೂಕಿಂತ ಮೊದಲಿಂದ ರಕ್ತ ತಗ್ಯಾಕತ್ತೀನಿ" ಅಂದು ಇಟ್ಟೆ. ಯಾಕ ಚೆಲ್ಲಬೇಕು ಅಂತ ಕೇಳಲಿಲ್ಲ. ಆಕಿ ಹೇಳಾಕತ್ತಿದ್ಲೇನೋ, ನಾ ಕೇಳಲಿಲ್ಲ.

ಮುಂಜಾನೆ ಉಗಾರಕ್ಕ ಹೋದೆ. ಫ್ಯಾಕ್ಟರಿ ಚಾಲೂ ಇತ್ತು, ಕಬ್ಬಿನ ಗಾಡಿ ಸಾಲ ಹಚ್ಚಿದ್ವು, ಬಸ್ಸು ಮುಂದ ಹೋಗವಲ್ದು. ಕಡೀಕ ಬಸ್ಸು ಬಿಟ್ಟಿಳಿದು ನಡದ ಹೋದೆ. ಅಕ್ಕ ಹಾಲ ಹಿಂಡಿ, ಮಾರಿ ತೊಳಕೊಂಡು, ಪಡಸಾಲ್ಯಾಗ ಚಾಪಿ ಹಾಸಿ ಕುಂತಿದ್ಲು. ಬಲಗೈ ಮುಂದ ಚಾಚಿ "ಹೂಂ" ಅಂದ್ಲು.

ಮೊಳಕೈ ಹತ್ರ ಹಾಕಿದೆ, ಸಿಗಲಿಲ್ಲ. ಸ್ವಲ್ಪ ಕೆಳಗ ಹಾಕಿದೆ, ನರ ಜಾರಿ ಹೋತು. ನನ್ನ ಹಣಿ ಬೆವತು. ಅಕ್ಕ ಮ್ಯಾಲಿನ ಮಾಡಿಗೆ ಹಚ್ಚಿದ ಕಟ್ಟಿಗಿ ನೋಡಿಕೋತ ಕುಂತಿದ್ಲು. ಒಂದ ಸಲನೂ "ಯವ್ವಾ" ಅನ್ನಲಿಲ್ಲ. ಅಂದಿದ್ರ ಪಾಡ ಇತ್ತು. ಮಾಮಾ ಬಾಗಲದಾಗ ನಿಂತು, "ನಿನಗ ಸಿಗವಲ್ದೇನು?" ಅಂತ ಕೇಳಿದ್ರು. ಕೇಳಿದ್ದು ಕಾಳಜಿಲೆ, ನನಗ ಕೆನ್ನಿಗೆ ಹೊಡದಂಗಾತು. "ನೀವು ಆ ಕಡೆ ಹೋಗ್ರಿ ಸ್ವಲ್ಪ" ಅಂತ ಹರಿಹಾಯ್ದೆ.

ಮೂರನೇ ಸಲ ಅಂಗೈ ಹಿಂದ ಸಣ್ಣ ಸೂಜಿ ಹಾಕಿದೆ. ರಕ್ತ ಬಂತು. ಬಂತು ಅಂದ್ರ ಜೋರ ಅಲ್ಲ, ಹಗರಕ, ಸೂಜಿಗೆ ಹತ್ತಿದ ನಳಗ್ಯಾಗ ಕೆಂಪಗ ಒಂದ ಎಳಿ. ಒಂದ ಕೈಯಾಗ ಸಾದಾ ಟ್ಯೂಬ್ ಹಿಡಕೊಂಡಿದ್ದೆ. ಆ ಎಳಿ ನೋಡಿದೆ, ಅಕ್ಕನ ಮಾರಿ ನೋಡಿದೆ. ಇಷ್ಟ ಚುಚ್ಚಿ, ಇಷ್ಟ ಹುಡುಕಿ ಸಿಕ್ಕ ರಕ್ತ, ಇದನ್ನ ಮೋರಿಗೆ ಚೆಲ್ಲಬೇಕ? ದೊಡ್ಡ ಟ್ಯೂಬ್ ಎರಡೂ ತುಂಬೂ ಮೊದಲ ನರ ಕೈ ಕೊಟ್ರ ಮತ್ತ ಚುಚ್ಚಬೇಕಲ್ಲ. ಸಾದಾ ಟ್ಯೂಬ್ ಕೆಳಗ ಇಟ್ಟೆ. ಮೊದಲಿನ ರಕ್ತಾನ ದೊಡ್ಡ ಟ್ಯೂಬಿಗೆ ಬಿಟ್ಟೆ. ಎರಡೂ ಗೆರಿ ತನಕಾ ತುಂಬಿದ್ವು. ಉಸರ ಬಿಟ್ಟೆ. ಹಾಳಿ ತಗೊಂಡು ಮ್ಯಾಲಿಂದ ಕೆಳಗಿನ ತನಕಾ ಸರಸರ ಟಿಕ್ ಹಾಕಿದೆ. ಜನ್ಮಾ ಪೂರಾ ಫಾರ್ಮು ರಜಿಸ್ಟರು ತುಂಬಿದ ಕೈ ಅದು. ಖಾನಿ ಕಂಡಲ್ಲಿ ಟಿಕ್ ಬೀಳತೈತಿ. "ಮೊದಲಿನ ಟ್ಯೂಬ್ ಚೆಲ್ಲಿದೆ" ಅನ್ನೂ ಸಾಲಿನ ಮುಂದೂ ಬಿತ್ತು.

ಮಾಮಾ ಡೇರಿಗೆ ಹಾಲ ಒಯ್ಯೂ ಡಬ್ಬಿ ತಂದು, "ಬರ್ಫ ಹಾಕಿ ಕೊಡಲೇನು? ದಾರ್ಯಾಗ ಕೆಟ್ಟೀತು" ಅಂದ್ರು. ಅವರಿಗೆ ಗೊತ್ತಿದ್ದದ್ದು ಅದು, ಈ ಕಡೆಯಿಂದ ಹೋಗೂ ಹಾಲು, ದ್ರಾಕ್ಷಿ ಎಲ್ಲಾ ಥಂಡ್ಯಾಗ ಹೋಗಬೇಕು. ನಾನು ದೊಡ್ಡ ಜಾಣ್ಯಾರಂಗ, "ಬ್ಯಾಡ್ರಿ ಮಾಮಾ, ಥಂಡಿ ಹತ್ತಿದ್ರ ಕಣ ಒಡೀತಾವ. ಹೇಳಿದ್ದನ್ನ ಹೇಳಿದಂಗ ಮಾಡಬೇಕು" ಅಂದೆ. ಆ ಮಾತು ಈಗ ನೆನಸಿಕೊಂಡ್ರ ನಾಚಿಕಿ ಬರತೈತಿ.

ರಿಪೋರ್ಟ್ ಬರೂತನಕಾ ನನ್ನ ಚಕ್ರ ಎರಡ ಪಟ್ಟು ತಿರಗಾಕತ್ತು. ಸೆಂಟರದಾಗ ಹತ್ತ ಮಿನಿಟ್ ಇದ್ರ ಬಸ್ ಸ್ಟ್ಯಾಂಡಿಗೆ ಹೋಗಾಕಿ. ರಾಯಬಾಗ ಬಸ್ಸು ಬಂತು, ಕಾಗವಾಡ ಬಸ್ಸು ಹೋತು, ನೋಡಾಕಿ, ವಾಪಸ್ ಬರಾಕಿ. ಫೋನ್ ತಗದು ನೋಡಾಕಿ, ಇಡಾಕಿ. ಒಂದ ದಿನ ಸುಮ್ಮನ ಕರೋಶಿ ತನಕಾ ಹೋಗಿ ಒಂದು ಕಪ್ ಚಾ ಕುಡದು ಅದ ಬಸ್ಸಿಗೆ ತಿರುಗಿ ಬಂದೆ. ಯಾಕ ಹೋದೆ ಅಂತ ಕೇಳಿದ್ರ ನನಗೂ ಗೊತ್ತಿಲ್ಲ.

ಬಂತು. ಗಂಟಿನ ಕಣ ಸಿಕ್ಕಾವ ಅಂತ ಬಂತು.

ರಿಪೋರ್ಟಿನ ಕೆಳಗ ಸಣ್ಣ ಅಕ್ಷರದಾಗ ಒಂದು ಸಾಲಿತ್ತು. ರಕ್ತ ತೆಗಿಯೂವಾಗ ಸೂಜಿ ತುದಿಗೆ ಚರ್ಮದ ಕಣ ಹತ್ತಿ ಬರತಾವ, ಚರ್ಮದ ಕಣದ ಚೀಟಿ ಈ ಗಂಟಿನ ಕಣದ ಚೀಟಿಗೆ ಹತ್ರ ಹತ್ರ ಇರತೈತಿ, ಅದಕ್ಕ ಮೊದಲಿನ ಟ್ಯೂಬ್ ಚೆಲ್ಲದಿದ್ರ ಟೆಸ್ಟ್ ತಪ್ಪು ತೋರಸಬಹುದು ಅಂತ. ಒಂದ ಸಲ ಓದಿದೆ. ನಿಂತ ಓದಿದೆ. ಹೊರಗ ಹೋಗಿ ಬಿಸಲಾಗ ಓದಿದೆ. ಆ ಸಾಲು ಅದ ಇತ್ತು. ಅಕ್ಕನ ಚರ್ಮ ತೂರಿ ಹೋದ ನನ್ನ ಸೂಜಿ, ಆ ಸೂಜಿಯ ಮೊದಲಿನ ರಕ್ತ, ಸೀದಾ ದೊಡ್ಡ ಟ್ಯೂಬಿಗೆ. ಸಿಕ್ಕದ್ದು ಅಕ್ಕನ ರೋಗೋ, ಅಕ್ಕನ ಚರ್ಮೋ?

ಲ್ಯಾಬಿನ ಹುಡುಗಿಗೆ ಫೋನ್ ಹಚ್ಚಿದೆ. "ಈಗ, ಯಾರರೆ ಮೊದಲಿಂದು ಚೆಲ್ಲದ ಕಳಸಿದ್ರ ಏನಾಗತೈತಿ?" ಅಂತ ಯಾರದೋ ಸುದ್ದಿ ಕೇಳಿದಂಗ ಕೇಳಿದೆ. "ಮೇಡಂ, ನಿಮ್ಮ ಫಾರ್ಮಿನ್ಯಾಗ ಟಿಕ್ ಐತಲ್ರಿ?" ಅಂದ್ಲು. ನಾನು ಫೋನ್ ಕಟ್ ಮಾಡಿದೆ. ಮೂವತ್ತು ವರ್ಷದ ಸರ್ವಿಸಿನ್ಯಾಗ ಯಾರೂ ನನಗ ಹಂಗ ಕೇಳಿದ್ದಿಲ್ಲ. ಆಕಿ ಕೇಳಿದ್ರಾಗ ತಪ್ಪೂ ಇದ್ದಿಲ್ಲ.

ಅಲ್ಲಿಗೆ ಹೇಳಿಬಿಟ್ಟಿದ್ರ ಮುಗೀತಿತ್ತು. ಹೇಳಲಿಲ್ಲ. ಉಗಾರಕ್ಕ ಹೋದಾಗ ಡಾಕ್ಟರಬಾಯಿ ಆಗಲೇ ಫೋನ್ ಮಾಡಿದ್ಲು. ಸ್ಕ್ಯಾನಿನ್ಯಾಗ ಮಬ್ಬು, ರಕ್ತದಾಗ ಸಿಕ್ಕಾವ, ಎರಡೂ ಕೂಡಿದ ಮ್ಯಾಲ ಕಾಯೂದು ಬ್ಯಾಡ, ಸೋಮವಾರ ಕಿಮೋಕ್ಕ ಬರ್ರಿ ಅಂತ. ಅಕ್ಕ, "ನಾ ಒಲ್ಲೆ" ಅಂದ್ಲು. ಮಗ ಹೇಳಿದ, ಸೊಸಿ ಕಾಲ ಹಿಡಿದ್ಲು, ಆಕಿ "ಒಲ್ಲೆ ಅಂದ್ರ ಒಲ್ಲೆ" ಅಂತ ಎದ್ದು ಕೊಟಗಿಗೆ ಹೋದ್ಲು. ಕಡೀಕ ಮಾಮಾ ಹೋಗಿ ಆಕಿ ಮಗ್ಗಲ ಕುಂತ್ರು. ಏನ ಹೇಳಿದ್ರೋ ಗೊತ್ತಿಲ್ಲ. ಏನೂ ಹೇಳಲಿಲ್ಲ ಅಂತ ಕಾಣತೈತಿ, ಆ ಮನಷ್ಯಾ ಬರೇ ಅತ್ತಿರಬೇಕು. ಹೊರಗ ಬಂದ ಅಕ್ಕ, "ಆತು, ಹೋಗತೀನಿ. ಎಮ್ಮಿ ಮಾರ್ರಿ" ಅಂದ್ಲು. ಹಿಂಡಾವರು ಯಾರೂ ಇಲ್ಲ, ವಾಸನಿ ತಡಿಯಾಕ ತನ್ನಿಂದ ಆಗೂದಿಲ್ಲ, ಅದರ ಒದರಾಟ ಕೇಳಿಕೋತ ಒಳಗ ಮಲಗೂದು ಬ್ಯಾಡ ಅಂತ. ಅಥಣಿಯವ ಒಬ್ಬ ವ್ಯಾಪಾರಿ ಭಾನುವಾರ ಬಂದು ಹೊಡಕೊಂಡು ಹೋಗೂದು ಅಂತ ಮಾತಾತು.

ನಾನು ಮೂಲ್ಯಾಗ ಕುಂತು ಚಾ ಕುಡ್ಯಾಕತ್ತಿದ್ದೆ. ಬಾಯಿ ತಗೀಲಿಲ್ಲ.

ಮೂರ ದಿನ ಹಂಗ ಕಳದೆ. ನನ್ನ ತೆಲಿ ಎರಡೂ ಕಡೆ ವಾದಾ ಮಾಡತಿತ್ತು. ಹೇಳಿದ್ರ ಕಿಮೋ ನಿಲ್ಲತೈತಿ, ಖರೇನ ರೋಗ ಇದ್ರ? ನಾ ತಡಾ ಮಾಡಿಸಿದಂಗ ಆತು. ಹೇಳದಿದ್ರ ಬರೇ ಚರ್ಮದ ಕಣಕ್ಕ ಅಕ್ಕ ಮತ್ತ ಆ ನರಕಕ್ಕ ಹೋಗತಾಳ. ಹಿಂಗ ವಿಚಾರ ಮಾಡಿಕೋತ ನಾನು ಭಾಳ ದೊಡ್ಡ ಧರ್ಮಸಂಕಟದಾಗ ಇದ್ದೀನಿ ಅಂತ ತಿಳಕೊಂಡಿದ್ದೆ. ಸುಳ್ಳು. ಆ ಟಿಕ್ಕಿನ ನಾಚಿಕಿ ಅದು, ಮತ್ತೇನೂ ಅಲ್ಲ. "ಬಾಯಾರನ್ನ ಕರೀರಿ" ಅನಸಿಕೊಂಡಾಕಿ ತನ್ನ ಒಡಹುಟ್ಟಿದ ಅಕ್ಕನ ರಕ್ತ ತೆಗಿಯೂದರಾಗ ಹುಡುಗ್ಯಾರು ಮಾಡದ ತಪ್ಪ ಮಾಡ್ಯಾಳ ಅಂತ ಹೇಳಾಕ ನನಗ ಬಾಯಿ ಬರವಲ್ದಾಗಿತ್ತು. ಅಷ್ಟ.

ಭಾನುವಾರ ಮುಂಜಾನೆ ಹರ್ಯಾಗ ಉಗಾರದಾಗ ಇದ್ದೆ. ವ್ಯಾಪಾರಿ ಮಧ್ಯಾಹ್ನಕ್ಕ ಬರಾವ ಇದ್ದ. ಅಕ್ಕ ಕಡೀ ಸಲ ಅಂತ ಎಮ್ಮಿ ಕೆಳಗ ಕುಂತಿದ್ಲು. ಟೊಂಕ ನೋವಿಗೆ ಮಣಿ ಮ್ಯಾಲ ಒಂದು ಚೀಲ ಮಡಚಿ ಹಾಕಿದ್ಲು. ಎಮ್ಮಿ ಕಿವಿ ಹೊಡಕೋತ ಆರಾಮ ನಿಂತಿತ್ತು. ಅಕ್ಕ ತೆಲಿ ಅದರ ಹೊಟ್ಟಿಗೆ ಹಚ್ಚಿ ಅಳಾಕತ್ತಿದ್ಲು, ಸಪ್ಪಳ ಇಲ್ಲದ, ಭುಜ ಅಷ್ಟ ಅಳಗ್ಯಾಡತಿದ್ವು. ನನಗ ತಡಕೊಳ್ಳಾಕ ಆಗಲಿಲ್ಲ.

"ಅಕ್ಕಾ, ನಾ ತಪ್ಪ ಮಾಡೀನಿ" ಅಂದೆ. ನಿಂತ ಹೇಳಿದೆ, ಅತ್ತಾಗ ಇತ್ತಾಗ ಅಡ್ಡಾಡಿಕೋತ ಹೇಳಿದೆ. ಮೊದಲಿನ ರಕ್ತ ಚೆಲ್ಲಬೇಕಾಗಿತ್ತು, ಚೆಲ್ಲಲಿಲ್ಲ, ಚೆಲ್ಲೀನಿ ಅಂತ ಟಿಕ್ ಹಾಕಿದೆ, ಸೂಜಿಗೆ ಹತ್ತಿದ ಚರ್ಮ ಟ್ಯೂಬಿನ್ಯಾಗ ಹೋಗಿರಬಹುದು, ರಿಪೋರ್ಟ್ ಸುಳ್ಳ ಇರಬಹುದು, ಖರೇನೂ ಇರಬಹುದು, ನನಗ ಗೊತ್ತಿಲ್ಲ, ಮೂರ ದಿನದಿಂದ ಬಾಯಿ ಮುಚ್ಚಿಕೊಂಡೀನಿ.

ಅಕ್ಕ ತೆಲಿ ಎತ್ತಿದ್ಲು. ಕಣ್ಣು ಒರಸಿಕೊಂಡ್ಲು. "ಮೊದಲಿಂದು ಯಾಕ ಚೆಲ್ಲಬೇಕು ಅಂತ ನಿನಗ ಗೊತ್ತಿದ್ದಿಲ್ಲ?"

"ಇದ್ದಿಲ್ಲ."

"ಇದ ನೋಡು" ಅಂತ ಎಮ್ಮಿ ಮೊಲಿ ಹಿಡದು ಒಂದ ಧಾರ ನೆಲಕ್ಕ ಬಿಟ್ಲು. ಮತ್ತೊಂದು ಮೊಲಿ, ಮತ್ತೊಂದ ಧಾರ ನೆಲಕ್ಕ. ಮಣ್ಣು ಬೆಳ್ಳಗಾತು. "ಮೊಲಿ ತುದಿಗೆ ಹೊಲಸ ಇರತೈತಿ, ಕೊಟಗಿ ಧೂಳ ಇರತೈತಿ. ಮೊದಲಿನ ಧಾರ ಚರಗಿಗೆ ಬಿಟ್ರ ಇಡೀ ಹಾಲ ಕೆಡತೈತಿ. ನಾ ದಿನಾ ಎರಡ ಹೊತ್ತ ಇದನ್ನ ಮಾಡತೀನಿ. ಒಂದ ಮಾತ ನನ್ನ ಕೇಳಿದ್ರ ಹೇಳತಿದ್ದೆ." ಆಮ್ಯಾಲ ದನಿ ಏರತು. "ಮೂರ ದಿನ! ತಪ್ಪ ಯಾರಿಗಿ ಆಗೂದಿಲ್ಲ? ಮೂರ ದಿನ ನಾ ಇದರ ಮಾರಿ ನೋಡಿ ನೋಡಿ ಅತ್ತೀನಿ, ನೀ ನಮ್ಮನ್ಯಾಗ ಚಾ ಕುಡಕೋತ ಕುಂತಿ! ನೀ ನನ್ನ ಒಡಹುಟ್ಟಿದಾಕಿ ಏನ ಬೇ?" ಚರಗಿ ಎತ್ತಿದ್ಲು, ಹೊಡಿತಾಳ ಅನಕೊಂಡೆ. ಹೊಡಿಲಿಲ್ಲ. ಕೆಳಗ ಇಟ್ಟು ಹಿಂಡಾಕತ್ತಿದ್ಲು. "ನಿಮ್ಮ ಮಾಮಾಗ ಹೇಳು, ವ್ಯಾಪಾರಿ ಬರೂದು ಬ್ಯಾಡ ಅಂತ. ನಾಳೆ ಮಿರಜದಾಗ ಡಾಕ್ಟರಗ ನಿನ್ನ ಬಾಯಿಲೆ ನೀನ ಹೇಳಬೇಕು. ನಾ ಹೇಳಾಕಿ ಅಲ್ಲ."

ರೈಲಿನ್ಯಾಗ ಆಕಿ ನನ್ನ ಸಂಗಟ ಮಾತಾಡಲಿಲ್ಲ. ಮಿರಜ ಬರೂತನಕಾ ಕಿಡಕಿ ಹೊರಗ ನೋಡಿಕೋತ ಕುಂತ್ಲು. ಡಾಕ್ಟರಬಾಯಿ ಮುಂದ ನಾನು ಮರಾಠಿಯಾಗ ಹೇಳಿದೆ. ಮರಾಠಿಯಾಗ ಹೇಳಿದ್ರ ನಾಚಿಕಿ ಸ್ವಲ್ಪ ಕಡಿಮಿ ಆದೀತು ಅಂತ, ಆಗಲಿಲ್ಲ. ಆಕಿ ಕನ್ನಡಕ ತೆಗೆದು ಮೇಜಿನ ಮ್ಯಾಲ ಇಟ್ಲು. "ಅಹೋ ಬಾಈ, ತುಮ್ಹಿ ಸ್ವತಃ ಟೆಕ್ನಿಶಿಯನ್ ನಾ?" ನೀವ ಟೆಕ್ನಿಶಿಯನ್ ಅಲ್ಲೇನ್ರಿ ಅಂತ ಅಷ್ಟ ಕೇಳಿದ್ಲು. ಬೈದಿದ್ರ ನನಗ ಹಗರ ಆಗತಿತ್ತು. ಕಿಮೋ ನಿಲ್ಲಸೂಣು, ರಕ್ತ ಮತ್ತ ತಗೊಂಡು ಕಳಸೂಣು, ರಿಪೋರ್ಟ್ ಬರೂತನಕಾ ಕಾಯೂಣು ಅಂದ್ಲು.

ನರ್ಸ್ ಬಂದು ಅಕ್ಕನ ಕೈ ಹಿಡಿದ್ಲು. ಅಕ್ಕ ಕೈ ಎಳಕೊಂಡು, "ಇಲ್ರಿ, ಈಕಿ ತೆಗೀತಾಳ" ಅಂದ್ಲು. ನಾನು "ಬ್ಯಾಡಕ್ಕಾ" ಅಂದೆ. "ಸುಮ್ಕಿರ" ಅಂದ್ಲು. ಅವತ್ತು ಮುಂಜಾನಿಯಿಂದ ನನಗ ಅಂದ ಮೊದಲಿನ ಮಾತು ಅದು.

ಅಂಗೈ ಹಿಂದಿನ ನರ ಒಂದ ಸಲಕ್ಕ ಸಿಕ್ತು. ಸಾದಾ ಟ್ಯೂಬ್ ಹಚ್ಚಿದೆ. ಅಕ್ಕ ಆ ಟ್ಯೂಬನ್ನ ಕಣ್ಣ ರೆಪ್ಪಿ ಬಡಿಲಾರದ ನೋಡಿದ್ಲು. ತುಂಬಿದ ಮ್ಯಾಲ "ಚೆಲ್ಲು" ಅಂದ್ಲು. ಅದನ್ನ ಕೆಂಪ ಡಬ್ಬಿಗೆ ಹಾಕಿ ದೊಡ್ಡ ಟ್ಯೂಬ್ ಹಚ್ಚಿದೆ. ಎರಡೂ ತುಂಬಿದ್ವು. ಹಾಳಿ ತಗೊಂಡು ಒಂದೊಂದ ಸಾಲು ಓದಿ, ಅಕ್ಕಗೂ ಕನ್ನಡದಾಗ ಹೇಳಿ, ಟಿಕ್ ಹಾಕಿದೆ.

ಆ ಹದಿನೈದ ದಿನ ನಾ ಹೆಂಗ ಕಳದೆ ಅನ್ನೂದನ್ನ ಹೇಳೂದಿಲ್ಲ. ಎಷ್ಟ ಬಸ್ಸು ಹತ್ತಿದೆ, ಎಷ್ಟ ಇಳದೆ ನನಗ ಲೆಕ್ಕಿಲ್ಲ. ದೇವರ ಮುಂದ ಕುಂತು, ಚರ್ಮ ಆಗಿರಲಿ, ಬರೇ ಚರ್ಮ ಆಗಿರಲಿ, ತಪ್ಪ ಎಲ್ಲಾ ನಂದ ಆಗಿರಲಿ ಅಂತ ಬೇಡಿಕೊಂಡೆ. ಹಿಂಗ ತನ್ನ ತಪ್ಪ ದೊಡ್ಡದು ಇರಲಿ ಅಂತ ಬೇಡಿಕೊಂಡಾಕಿ ಭೂಮಿ ಮ್ಯಾಲ ನಾ ಒಬ್ಬಾಕಿನ ಇರಬೇಕು.

ರಿಪೋರ್ಟ್ ನನ್ನ ಫೋನಿಗೆ ಬಂತು. ಸಿಕ್ಕಾವ.

ಚಿಕ್ಕೋಡಿಯಿಂದ ಉಗಾರಕ್ಕ ಹೋಗೂತನಕಾ ನಾನು ಬಸ್ಸಿನ್ಯಾಗ ನಿಂತ ಇದ್ದೆ. ಸೀಟ್ ಖಾಲಿ ಇದ್ವು. ಹೊಳಿ ದಾಟೂವಾಗ ಕಂಡಕ್ಟರ್ "ಕುಂಡ್ರಿ ಬಾಯಾರ" ಅಂದ. ಕೂಡಲಿಲ್ಲ. ಸಂಜಿ ಹಾಲಿನ ಹೊತ್ತು, ಅಕ್ಕ ಎಮ್ಮಿ ಕೆಳಗ ಇದ್ಲು. ನನ್ನ ಮಾರಿ ನೋಡಿದ ಕೂಡಲೇ ಆಕಿಗೆ ತಿಳೀತು. ಕೈ ನಿಲ್ಲಲಿಲ್ಲ. ಕಡೀ ಧಾರ ಬೀಳೂತನಕಾ ಹಿಂಡಿದ್ಲು, ಕೆಚ್ಚಲ ಒರಸಿದ್ಲು, ಚರಗಿ ಬದೀಗ ಸರಸಿದ್ಲು.

"ಮೊದಲಿಂದು ಚೆಲ್ಲಿದ್ದಿ, ಹೌದಲ್ಲ?"

"ಚೆಲ್ಲಿದ್ದೆ ಅಕ್ಕಾ."

"ನಾನೂ ನೋಡೀನಿ. ಹಂಗಾದ್ರ ಇದು ನಂದ."

ನಾನು ಜೋರಾಗಿ ಅತ್ತೆ, ಆಕಿ ಅಳಲಿಲ್ಲ. ಸ್ವಲ್ಪ ಹೊತ್ತಿನ ಮ್ಯಾಲ, "ಸೋಮವಾರ ಹೋಗೂಣು" ಅಂದ್ಲು, ಸಂತಿಗೆ ಹೋಗೂಣು ಅಂದಂಗ. "ಆವಾಗ ನೀವೆಲ್ಲಾ ಹೇಳ್ತೀರಿ ಅಂತ ಒಪ್ಪಿದ್ದೆ. ಈಗ ನನಗ ಗೊತ್ತಾತು." ಮತ್ತ ಎಮ್ಮಿ ಬೆನ್ನ ಮ್ಯಾಲ ಕೈ ಇಟ್ಟು ಏಳಾಕ ನೋಡಿದ್ಲು. ಟೊಂಕ ಎತ್ತಲಿಲ್ಲ, ನಾ ಹೋಗಿ ಹಿಡದೆ. ನನ್ನ ಭುಜಾ ಹಿಡಕೊಂಡು ನಿಂತು ಅಂದ್ಲು, "ಎಮ್ಮಿ ಮಾರೂದಿಲ್ಲ. ನೀ ಹಿಂಡತಿ."

"ನಾ? ನನಗ ಬರೂದಿಲ್ಲ ಅಕ್ಕಾ, ಅದು ಒದಿತೈತಿ."

"ಒದಿಲಿ. ನಿನಗ ಒದಿಸಿಕೊಳ್ಳೂದು ಐತಿ."

ಹದಿನೈದ ದಿನ ತಡಾ ಆದದ್ದರಿಂದ ಏನರೆ ಕೆಟ್ಟೈತೇನು ಅಂತ ನಾನು ಡಾಕ್ಟರಬಾಯಿಗೆ ಕೇಳಿದೆ. ಆಕಿ ಸುಳ್ಳ ಹೇಳೂ ಹೆಂಗಸಲ್ಲ. "ಮಾಹೀತ ನಾಹೀ" ಅಂದ್ಲು, ಗೊತ್ತಿಲ್ಲ ಅಂತ. ಆ ಗೊತ್ತಿಲ್ಲ ಅನ್ನೂದು ನನ್ನ ಸಂಗಟ ಏಳತೈತಿ, ಸಂಗಟ ಬಸ್ಸು ಹತ್ತತೈತಿ. ಅದಕ್ಕ ಉತ್ತರ ಎಲ್ಲೂ ಇಲ್ಲ ಅಂತ ತಿಳಿದ ಮ್ಯಾಲೂ ಕೇಳಾಕತ್ತೀನಿ.

ಸೆಂಟರ್ ಬಿಟ್ಟೀನಿ. ಈಗ ಉಗಾರದಾಗ ಇದ್ದೀನಿ. ಅಕ್ಕನ ನಾಕನೇ ಕಿಮೋ ಮೊನ್ನೆ ಆತು. ಹಾಲಿನ ವಾಸನಿ ಈ ಸಲನೂ ತಡಿಯೂದಿಲ್ಲ, ಆದ್ರ ಕೊಟಗಿ ಬಾಗಲದಾಗ ಕುರ್ಚಿ ಹಾಕಿಸಿಕೊಂಡು, ಸೆರಗು ಮೂಗಿಗೆ ಒತ್ತಿಕೊಂಡು ಕುಂತಿರತಾಳ. ನಾನು ಎಮ್ಮಿ ಕೆಳಗ ಕೂಡತೀನಿ. ಜನ್ಮದಾಗ ಒಂದ ಕಡೆ ಇಷ್ಟ ಹೊತ್ತು ನಾ ಕುಂತಿದ್ದಿಲ್ಲ. ಎಮ್ಮಿ ಮೊದಲ ವಾರ ಎರಡ ಸಲ ಒದಿತು, ಈಗ ಬಾಲ ಬೀಸಿ ಮಾರಿಗೆ ಹೊಡಿತೈತಿ, ಅಷ್ಟ. ಮೊಲಿ ಹಿಡದು ಒಂದ ಧಾರ ನೆಲಕ್ಕ ಬಿಡತೀನಿ. ಚರಗಿ ಕಡೆ ಕೈ ಹೋಗೂದರಾಗ ಬಾಗಲದಿಂದ ಸೆರಗಿನ ಒಳಗಿಂದ ದನಿ ಬರತೈತಿ.

"ಇನ್ನೂ ಮೂರ ಮೊಲಿ ಅದಾವ. ಅವುದ್ದೂ ಚೆಲ್ಲು."